ಭಿನ್ನರಾಶಿ ಸಮೀಕರಣಗಳನ್ನು ಹಂತ ಹಂತವಾಗಿ ಬಿಡಿಸುವ ಆ್ಯಪ್: ಬಳಸಿ ನೋಡಿದ ಮೇಲೆ

ಸಮೀಕರಣದ ಉತ್ತರವನ್ನು ಕ್ಷಣದಲ್ಲಿ ಹೇಳುವ ಆ್ಯಪ್‌ಗಳಿಗೆ ಈಗ ಕೊರತೆಯಿಲ್ಲ. ಭಿನ್ನರಾಶಿಗಳಿರುವ ರೇಖಾತ್ಮಕ ಸಮೀಕರಣಗಳಿಗೆಂದು ನಾನು ಬಳಸುತ್ತಿರುವ ಈ ಆ್ಯಪ್ ಕೂಡ ನಾನು ಕೊಟ್ಟ ಲೆಕ್ಕಗಳಲ್ಲಿ ಎಲ್ಲಿಯೂ ಎಡವಲಿಲ್ಲ. ಆದರೆ ಕಲಿಯುವವರಿಗೆ ಮುಖ್ಯವಾದದ್ದು ಉತ್ತರವಲ್ಲ. ಮೊದಲ ಸಾಲಿಗೂ ಕೊನೆಯ ಸಾಲಿಗೂ ನಡುವೆ ಏನನ್ನು ಬರೆದು ತೋರಿಸಲಾಗಿದೆ, ಏನನ್ನು ಬಿಡಲಾಗಿದೆ ಎಂಬುದು. ಈ ವಿಮರ್ಶೆ ಆ ನಡುವಿನ ಸಾಲುಗಳ ಕುರಿತಾದದ್ದು.

ಮೊದಲು ಸರಳವಾದೊಂದನ್ನು ಕೊಟ್ಟೆ: ಕ್ಷ/2 + 3 = ಕ್ಷ/3 + 5. ಆ್ಯಪ್ 2 ಮತ್ತು 3ರ ಲಘುತಮ ಸಾಮಾನ್ಯ ಅಪವರ್ತ್ಯ 6 ಎಂದು ಬರೆದು, ಎರಡೂ ಬದಿಯ ಪ್ರತಿಯೊಂದು ಪದದ ಪಕ್ಕದಲ್ಲಿಯೂ ಆ 6ನ್ನು ಬೇರೆ ಬಣ್ಣದಲ್ಲಿ ತೋರಿಸಿತು. ಬಹಳಷ್ಟು ವಿದ್ಯಾರ್ಥಿಗಳು ಭಿನ್ನರಾಶಿಗಳನ್ನು ಮಾತ್ರ 6ರಿಂದ ಗುಣಿಸಿ, 3 ಮತ್ತು 5ನ್ನು ಹಾಗೆಯೇ ಬಿಟ್ಟು, 3ಕ್ಷ + 3 = 2ಕ್ಷ + 5 ಎಂದು ಬರೆದು ಕ್ಷ = 2 ಎಂಬ ತಪ್ಪು ಉತ್ತರಕ್ಕೆ ಬರುತ್ತಾರೆ. ಪೂರ್ಣಾಂಕಗಳ ಪಕ್ಕದಲ್ಲಿಯೂ ಬಣ್ಣದ 6 ಕಾಣುವುದರಿಂದ 3ಕ್ಷ + 18 = 2ಕ್ಷ + 30 ಎಂಬ ಸಾಲು ಎಲ್ಲಿಂದ ಬಂತೆಂಬ ಪ್ರಶ್ನೆಯೇ ಏಳುವುದಿಲ್ಲ; ಉತ್ತರ 12. ಈ ಒಂದು ವಿನ್ಯಾಸಕ್ಕಾಗಿ ಆ್ಯಪ್ ತಯಾರಿಸಿದವರನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಇಷ್ಟೇ ಕಾಳಜಿ ಮುಂದಿನ ಲೆಕ್ಕದಲ್ಲಿ ಕಾಣಲಿಲ್ಲ. (2ಕ್ಷ − 1)/3 − (ಕ್ಷ − 2)/4 = 2 ಎಂಬುದನ್ನು ಕೊಟ್ಟಾಗ, 12ರಿಂದ ಗುಣಿಸುತ್ತೇವೆ ಎಂದು ಹೇಳಿದ ಆ್ಯಪ್, ಮರುಸಾಲಿನಲ್ಲಿಯೇ 8ಕ್ಷ − 4 − 3ಕ್ಷ + 6 = 24 ಎಂದು ಬರೆದುಬಿಟ್ಟಿತು. ನಡುವೆ ಇರಲೇಬೇಕಾಗಿದ್ದ 4(2ಕ್ಷ − 1) − 3(ಕ್ಷ − 2) = 24 ಎಂಬ ಸಾಲು ಮಾಯವಾಗಿತ್ತು. ಭಿನ್ನರಾಶಿಯ ಗೆರೆ ಅಂಶವನ್ನೆಲ್ಲ ಒಟ್ಟಾಗಿ ಹಿಡಿದಿಡುವ ಆವರಣದ ಕೆಲಸವನ್ನೂ ಮಾಡುತ್ತಿರುತ್ತದೆ. ಛೇದ ಹೋದೊಡನೆ ಗೆರೆಯೂ ಹೋಗುವುದರಿಂದ ಆ ಜಾಗದಲ್ಲಿ ಆವರಣವನ್ನು ಬರೆಯದಿದ್ದರೆ ಹಿಂದಿನ ಋಣ ಚಿಹ್ನೆ ಮೊದಲ ಪದಕ್ಕೆ ಮಾತ್ರ ತಗಲುತ್ತದೆ. ಆಗ +6 ಇರಬೇಕಾದಲ್ಲಿ −6 ಬರುತ್ತದೆ, 22/5ರ ಬದಲು 34/5 ಸಿಗುತ್ತದೆ. ಇಡೀ ಅಧ್ಯಾಯದಲ್ಲಿ ಅತಿ ಹೆಚ್ಚು ತಪ್ಪುಗಳು ಹುಟ್ಟುವ ಜಾಗವೇ ಇದೆಂದು ನನ್ನ ಅನಿಸಿಕೆ. ‘ವಿವರವಾದ ಹಂತಗಳು’ ಎಂಬ ಗುಂಡಿಯನ್ನು ಒತ್ತಿದರೆ ಆ ಸಾಲು ಕಾಣಿಸುತ್ತದೆ ನಿಜ, ಆದರೆ ತಾನು ಎಡವಿದ್ದೇನೆಂದು ತಿಳಿಯದ ವಿದ್ಯಾರ್ಥಿ ಆ ಗುಂಡಿಯನ್ನು ಏಕೆ ಒತ್ತಬೇಕು? ಅದು ತಾನಾಗಿಯೇ ತೆರೆದಿರಬೇಕಾಗಿತ್ತು.

ಸಮೀಕರಣವನ್ನು ಒಳಗೆ ಸೇರಿಸುವ ವಿಚಾರದಲ್ಲಿ ಹೆಚ್ಚೇನೂ ಹೇಳುವುದಿಲ್ಲ. ಒಂದೇ ಸಾಲಿನಲ್ಲಿ 1/2ಕ್ಷ ಎಂದು ಟೈಪ್ ಮಾಡಿದರೆ ಅದು ಕ್ಷದ ಅರ್ಧವೋ, 2ಕ್ಷ ಛೇದವಾಗಿರುವ ಭಿನ್ನರಾಶಿಯೋ ಎಂಬ ಗೊಂದಲ ಉಳಿಯುವುದರಿಂದ, ಮೇಲೆ ಕೆಳಗೆ ಎರಡು ಚೌಕಗಳಿರುವ ಭಿನ್ನರಾಶಿಯ ಕೀಲಿಯನ್ನೇ ಬಳಸುವುದು ಒಳ್ಳೆಯದು. ಕ್ಯಾಮೆರಾದಿಂದ ಓದಿಸುವಾಗ ಕೈಬರಹದ ಗಿಡ್ಡ ಗೆರೆಯನ್ನು ಅದು ಕಳೆಯುವ ಚಿಹ್ನೆಯೆಂದು ತಿಳಿಯುವುದುಂಟು.

ನನಗೆ ನಿಜವಾದ ಸಂತೋಷ ಕೊಟ್ಟದ್ದು ದುಂಬಿಗಳ ಲೆಕ್ಕ. ಭಾಸ್ಕರಾಚಾರ್ಯರು 1150ರ ಸುಮಾರಿಗೆ ರಚಿಸಿದ ‘ಲೀಲಾವತಿ’ಯಲ್ಲಿ, ಹಿಂಡಿನ ಐದನೆಯ ಒಂದು ಭಾಗ ಒಂದು ಹೂವಿಗೂ ಮೂರನೆಯ ಒಂದು ಭಾಗ ಮತ್ತೊಂದಕ್ಕೂ, ಇವೆರಡರ ವ್ಯತ್ಯಾಸದ ಮೂರು ಪಟ್ಟು ಇನ್ನೊಂದಕ್ಕೂ ಹೋಗಿ, ಒಂದೇ ದುಂಬಿ ಉಳಿಯುತ್ತದೆ. ಅದನ್ನು ಕ್ಷ/5 + ಕ್ಷ/3 + 3(ಕ್ಷ/3 − ಕ್ಷ/5) + 1 = ಕ್ಷ ಎಂದು ಬರೆದುಕೊಟ್ಟೆ. ಎಲ್ಲವನ್ನೂ 15ರಿಂದ ಗುಣಿಸುವುದು ನನ್ನ ರೂಢಿ. ಆ್ಯಪ್ ಹಾಗೆ ಮಾಡದೆ ಮೊದಲು ಆವರಣವನ್ನು ಬಿಡಿಸಿತು; 3(ಕ್ಷ/3) ಎಂಬುದು ಕ್ಷ ಆಗುತ್ತಲೇ ಅದು ಬಲಬದಿಯ ಕ್ಷದೊಂದಿಗೆ ಹೊಡೆದುಹೋಯಿತು, ಉಳಿದದ್ದು ಕ್ಷ/3 − 2ಕ್ಷ/5 + 1 = 0 ಮಾತ್ರ. ಅಲ್ಲಿಂದ 5ಕ್ಷ − 6ಕ್ಷ + 15 = 0, ಅಂದರೆ 15 ದುಂಬಿಗಳು. ಛೇದಗಳನ್ನು ಕಳೆಯುವ ಮೊದಲು ಸಮೀಕರಣವನ್ನು ಒಮ್ಮೆ ನಿಂತು ನೋಡುವುದು ಎಷ್ಟು ಲಾಭದಾಯಕವೆಂಬುದಕ್ಕೆ ಇದಕ್ಕಿಂತ ಸೊಗಸಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಇದೇ ಜಾಣತನ (ಕ್ಷ + 1)/6 = (ಕ್ಷ − 2)/4 ಎಂಬಲ್ಲಿ ಏಕೋ ಇಲ್ಲ. ಎರಡು ಬದಿಯಲ್ಲಿಯೂ ಒಂದೊಂದೇ ಭಿನ್ನರಾಶಿ ಕಂಡೊಡನೆ ಆ್ಯಪ್ ಅಡ್ಡ ಗುಣಾಕಾರಕ್ಕೆ ಇಳಿದು 4ಕ್ಷ + 4 = 6ಕ್ಷ − 12 ಎನ್ನುತ್ತದೆ; 12ರಿಂದ ಗುಣಿಸಿದ್ದರೆ 2ಕ್ಷ + 2 = 3ಕ್ಷ − 6 ಎಂದು ಚಿಕ್ಕ ಸಂಖ್ಯೆಗಳಲ್ಲಿಯೇ 8 ಸಿಗುತ್ತಿತ್ತು. ಇದು ತಪ್ಪಲ್ಲ. ಆದರೂ ಒಂದೊಂದೇ ಭಿನ್ನರಾಶಿ ಇರುವಾಗ ಮಾತ್ರ ಅಡ್ಡ ಗುಣಾಕಾರ ಸಲ್ಲುತ್ತದೆಂಬ ಎಚ್ಚರಿಕೆಯ ಮಾತನ್ನು ಅಲ್ಲಿ ಸೇರಿಸಬೇಕಿತ್ತು.

ಕೊನೆಯ ತಕರಾರು ದಶಮಾಂಶದ್ದು. ಕ್ಷ/2 + ಕ್ಷ/4 = 7/4ಕ್ಕೆ ಉತ್ತರ 7/3; ಆ್ಯಪ್ ಅದರ ಕೆಳಗೆ 2.33 ಎಂದು ದೊಡ್ಡದಾಗಿ ತೋರಿಸುತ್ತದೆ. ಆ 2.33ನ್ನು ಮೂಲ ಸಮೀಕರಣದಲ್ಲಿ ಆದೇಶಿಸಿ ತಾಳೆ ನೋಡಿದವರಿಗೆ 1.75ರ ಬದಲು 1.7475 ಸಿಗುತ್ತದೆ, ಸರಿಯಾಗಿ ಬಿಡಿಸಿದ ಲೆಕ್ಕವೂ ತಪ್ಪೆಂಬ ಅನುಮಾನ ಬರುತ್ತದೆ. ಸೆಟ್ಟಿಂಗ್‌ನಲ್ಲಿ ಉತ್ತರವನ್ನು ಭಿನ್ನರಾಶಿಯಲ್ಲಿಯೇ ಇಡುವ ಆಯ್ಕೆಯಿದೆ. ಮಕ್ಕಳ ಕೈಗೆ ಈ ಆ್ಯಪನ್ನು ಕೊಡುವವರು ಮೊದಲು ಆ ಆಯ್ಕೆಯನ್ನು ಬದಲಿಸಿ, ವಿವರವಾದ ಹಂತಗಳನ್ನು ತೆರೆದಿಟ್ಟು ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.