‘ಎಥನಾಲ್ ಮ್ಯಾಪ್’ ಹಾಕಿಸುವ ಮುನ್ನ ಸೆನ್ಸರ್ ಎಲ್ಲಿದೆ ಎಂದು ಕೇಳಿ

ಬೆಂಗಳೂರಿನಲ್ಲಿ ಟರ್ಬೊ ಪೆಟ್ರೋಲ್ ಕಾರು ಇಟ್ಟುಕೊಂಡು, ಟ್ಯೂನಿಂಗ್ ಗ್ಯಾರೇಜಿನಲ್ಲಿ ‘ಎಥನಾಲ್ ಮ್ಯಾಪ್’ (ಪೆಟ್ರೋಲಿಗೆ ಹೆಚ್ಚು ಎಥನಾಲ್ ಬೆರೆಸಿ ಓಡಿಸಲು ಎಂಜಿನ್ ನಿಯಂತ್ರಿಸುವ ಕಂಪ್ಯೂಟರಾದ ಇಸಿಯುವಿನಲ್ಲಿ ಬರೆಯುವ ಹೊಸ ಲೆಕ್ಕ) ಹಾಕಿಸುವ ಯೋಚನೆಯಲ್ಲಿರುವವರು ದಯವಿಟ್ಟು ಇದನ್ನು ಓದಿ. ಮುಂಗಡ ಕೊಡುವ ಮೊದಲೇ ಓದಿ. ನನ್ನ ಕಾರಿನ ಎಂಜಿನ್ ಈಗ ಬಿಚ್ಚಿದ ಸ್ಥಿತಿಯಲ್ಲಿ ಇನ್ನೊಂದು ಗ್ಯಾರೇಜಿನಲ್ಲಿ ಬಿದ್ದಿದೆ. ಇದನ್ನು ಹೇಳಿಕೊಳ್ಳಲು ಬಹಳ ಮುಜುಗರವಾಗುತ್ತಿದೆ. ಕಾರಿನ ವಿಷಯ ಬಂದರೆ ನೆಂಟರು, ಗೆಳೆಯರು ಸಲಹೆ ಕೇಳುವುದು ನನ್ನನ್ನೇ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನನಗೆ ಈ ಮ್ಯಾಪ್ ಹಾಕಿಕೊಟ್ಟ ಗ್ಯಾರೇಜಿನವರು ಅದೇ ಮಾತನ್ನು ಹೇಳಿ ಈಗಲೂ ಹಣ ತೆಗೆದುಕೊಳ್ಳುತ್ತಿದ್ದಾರೆ.

ಎಥನಾಲ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಟರ್ಬೊ ಎಂಜಿನ್‌ಗೆ ಅದು ನಿಜಕ್ಕೂ ಒಳ್ಳೆಯ ಇಂಧನ. ಅದರ ಆಕ್ಟೇನ್ 100ಕ್ಕಿಂತ ಹೆಚ್ಚು, ಆವಿಯಾಗುವಾಗ ಸಿಲಿಂಡರಿನ ಗಾಳಿಯನ್ನು ತಂಪು ಮಾಡುತ್ತದೆ, ಹಾಗಾಗಿ ಬೂಸ್ಟ್ (ಟರ್ಬೊ ಒಳಕ್ಕೆ ತಳ್ಳುವ ಗಾಳಿಯ ಒತ್ತಡ) ಹೆಚ್ಚಿಸಿದರೂ ನಾಕಿಂಗ್ (ಇಂಧನ ಸಿಲಿಂಡರಿನೊಳಗೆ ತಾನಾಗಿಯೇ ಸಿಡಿಯುವುದು) ಸುಲಭವಾಗಿ ಬರುವುದಿಲ್ಲ. ಆದರೆ ಒಂದು ಕಿಲೊ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೊ ಗಾಳಿ ಬೇಕಾದರೆ, ಎಥನಾಲ್‌ಗೆ 9 ಕಿಲೊ ಸಾಕು. ಎಂದರೆ ಅಷ್ಟೇ ಗಾಳಿಗೆ ಇಂಧನ ಹೆಚ್ಚು ಸುರಿಯಬೇಕು. ಎಷ್ಟು ಹೆಚ್ಚು ಎನ್ನುವುದು ಟ್ಯಾಂಕಿನಲ್ಲಿ ಎಥನಾಲ್ ಎಷ್ಟು ಪಾಲಿದೆ ಎಂಬುದರ ಮೇಲೆ ನಿಂತಿದೆ. ಇಡೀ ಕೆಲಸದ ಜೀವಾಳ ಈ ಒಂದು ಲೆಕ್ಕ. ಅವರು ತಪ್ಪಿದ್ದೂ ಇಲ್ಲೇ, ನನಗೆ ಸುಳ್ಳು ಹೇಳಿದ್ದೂ ಇಲ್ಲೇ.

ನನ್ನದು 2.0 ಲೀಟರ್ ಡೈರೆಕ್ಟ್ ಇಂಜೆಕ್ಷನ್ ಟರ್ಬೊ ಸೆಡಾನ್, 2019ರ ಗಾಡಿ. 2024ರ ಮಾರ್ಚ್‌ನಲ್ಲಿ ಇಂಡಿಯನ್ ಆಯಿಲ್ ‘ಎಥನಾಲ್ 100’ ಎಂಬ ಇಂಧನವನ್ನು ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳ ಆಯ್ದ ಬಂಕ್‌ಗಳಲ್ಲಿ ಬಿಡುಗಡೆ ಮಾಡಿತು. ಅದರಲ್ಲಿ ಸುಮಾರು 93 ಶೇಕಡಾ ಎಥನಾಲ್, ಉಳಿದದ್ದು ಪೆಟ್ರೋಲ್ ಮತ್ತು ಬೆರೆಯಲು ಹಾಕುವ ದ್ರಾವಕ. ಅದು ಇರುವುದು ಪೆಟ್ರೋಲ್, ಎಥನಾಲ್ ಬೇರೆ ಬೇರೆ ಪ್ರಮಾಣದಲ್ಲಿ ಬೆರೆತರೂ ಓಡುವಂತೆ ಮಾಡಿದ ಫ್ಲೆಕ್ಸ್ ಫ್ಯುಯೆಲ್ ವಾಹನಗಳಿಗೆ. ಗ್ಯಾರೇಜಿನವರು ಹೇಳಿದ್ದು ಹೀಗೆ: “ಸರ್, 50 ಲೀಟರ್ ಟ್ಯಾಂಕಿಗೆ 15 ಲೀಟರ್ ಎಥನಾಲ್ 100, ಮಿಕ್ಕ 35 ಲೀಟರ್ ಮಾಮೂಲಿ ಪೆಟ್ರೋಲ್. ಇ30, ಎಂದರೆ 30 ಶೇಕಡಾ ಎಥನಾಲ್ ಆಗುತ್ತದೆ. ನಾವು ಇ30 ಮ್ಯಾಪ್ ಬರೆಯುತ್ತೇವೆ. ಜೊತೆಗೆ ಫ್ಲೆಕ್ಸ್ ಸೆನ್ಸರ್ ಕೂರಿಸುತ್ತೇವೆ, ಸ್ವಲ್ಪ ಹೆಚ್ಚುಕಡಿಮೆಯಾದರೂ ಇಸಿಯು ತಾನೇ ಸರಿಮಾಡಿಕೊಳ್ಳುತ್ತದೆ.” ಸೆನ್ಸರ್ ಎಂದರು, ಇಂಧನದ ಪೈಪಿನಲ್ಲಿ ಕೂತು ಎಥನಾಲ್ ಎಷ್ಟಿದೆ ಎಂದು ಅಳೆಯುವ ಭಾಗ. ಬಿಲ್ಲಿನಲ್ಲೂ ಬರೆದರು: ‘ಫ್ಲೆಕ್ಸ್ ಸೆನ್ಸರ್ ಕಿಟ್, ಅಳವಡಿಕೆ ಸಹಿತ’. ಆ ಸಾಲಿಗೇ ಬೇರೆ ಹಣ.

ಮೊದಮೊದಲು ಗಾಡಿ ಹಾರಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಚೆಕ್ ಎಂಜಿನ್ ದೀಪ. ಮಿಶ್ರಣದಲ್ಲಿ ಇಂಧನ ಸಾಲುತ್ತಿಲ್ಲ ಎಂಬ ಕೋಡ್. ಫೋನ್ ಮಾಡಿದರೆ “ಹೊಸ ಮ್ಯಾಪ್ ಸರ್, ಕಲಿಯುತ್ತಿದೆ, ಓಡಿಸಿ” ಎಂದರು. ಓಡಿಸಿ ಎಂದವರು ಅವರೇ, ಇದನ್ನು ನೆನಪಿಟ್ಟುಕೊಳ್ಳಿ. ನೆಲಮಂಗಲ ದಾಟಿ ತುಮಕೂರು ರಸ್ತೆಯಲ್ಲಿ ಲಾರಿಯೊಂದನ್ನು ಹಿಂದೆ ಹಾಕಲು ಪೆಡಲ್ ಒತ್ತಿದಾಗ ಎಂಜಿನ್ ಒದರಿ, ಶಕ್ತಿ ಬಿದ್ದುಹೋಯಿತು. ಹಿಂದಿನ ಸೀಟಿನಲ್ಲಿ ಅಮ್ಮ ಇದ್ದರು. ಎಡಕ್ಕೆ ತಂದು ನಿಲ್ಲಿಸುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು.

ಟೋ ಮಾಡಿಸಿ ಪೀಣ್ಯದ ಒಬ್ಬ ಹಿರಿಯ ಮೆಕ್ಯಾನಿಕ್ ಬಳಿ ಒಯ್ದೆ. ಸ್ಕ್ಯಾನರ್‌ನಲ್ಲಿ ದಾಖಲೆ ನೋಡಿದರು. ಆರ್‌ಪಿಎಂ ಏರಿದಂತೆ ಹೈ ಪ್ರೆಶರ್ ಪಂಪ್ ಕೈಚೆಲ್ಲುತ್ತಿತ್ತು, ಇಂಜೆಕ್ಟರ್‌ಗಳಿಗೆ ಬರಬೇಕಾದ ಒತ್ತಡ ಇಳಿಯುತ್ತಿತ್ತು, ಬೂಸ್ಟ್ ಮಾತ್ರ ಪೂರ್ತಿ. ಎಂದರೆ ಗಾಳಿ ಹೆಚ್ಚು, ಇಂಧನ ಕಡಿಮೆ. ಮೂರನೇ ಸಿಲಿಂಡರಿನಲ್ಲಿ ಕಂಪ್ರೆಷನ್ ಇಲ್ಲ. ಕ್ಯಾಮೆರಾ ಇಳಿಸಿ ನೋಡಿದರೆ ಪಿಸ್ಟನ್ನಿನ ಅಂಚು ಕರಗಿತ್ತು. “ಸೆನ್ಸರ್ ಇದೆಯಲ್ಲ, ಅದರ ರೀಡಿಂಗ್ ನೋಡಿ” ಎಂದೆ. ಅವರು ಕಾರನ್ನು ಲಿಫ್ಟಿಗೆ ಏರಿಸಿ, ಟ್ಯಾಂಕಿನಿಂದ ಎಂಜಿನ್‌ವರೆಗೆ ಇಂಧನದ ಪೈಪಿನ ಮೇಲೆ ಟಾರ್ಚ್ ಹಿಡಿದುಕೊಂಡು ಬಂದರು. ಕಂಪನಿಯ ಪೈಪು, ಕಂಪನಿಯ ಕ್ಲಿಪ್ಪು. ಎಲ್ಲೂ ಕತ್ತರಿಸಿಲ್ಲ, ಎಲ್ಲೂ ಜೋಡಿಸಿಲ್ಲ, ಒಂದು ಹೊಸ ತಂತಿಯೂ ಇಲ್ಲ. “ಯಾವ ಸೆನ್ಸರ್ ಸರ್?” ಎಂದು ಅವರು ಕೇಳಿದರು. ಕೈಯಲ್ಲಿ ಬಿಲ್ಲು ಹಿಡಿದು ನಿಂತಿದ್ದೆ. ಅವರ ಹುಡುಗರೆಲ್ಲ ನೋಡುತ್ತಿದ್ದರು. ಆ ಕ್ಷಣ ನನಗೆ ಇನ್ನೂ ಮರೆಯಲು ಆಗುತ್ತಿಲ್ಲ.

ಇನ್ನು ಅವರ ಉತ್ತರಗಳು. ಮೊದಲು: “ಬಂಕಿನವರು ನೀರು ಬೆರೆಸಿರಬೇಕು.” ಲಿಫ್ಟಿನ ಫೋಟೊ ಕಳಿಸಿದ ಮೇಲೆ: “ಸರ್, ನಿಮ್ಮದು ವರ್ಚುವಲ್ ಸೆನ್ಸರ್, ಸಾಫ್ಟ್‌ವೇರ್ ಒಳಗೇ ಇರುತ್ತದೆ.” ಸೆನ್ಸರ್ ಇಲ್ಲದೆ ಎಥನಾಲ್ ಅಂದಾಜು ಮಾಡುವ ವ್ಯವಸ್ಥೆ ಕೆಲವು ಕಾರುಗಳಲ್ಲಿ ಇದೆ, ನಿಜ. ಅದನ್ನು ತಯಾರಕರೇ ಇಸಿಯುವಿನಲ್ಲಿ ಕೊಟ್ಟಿರುತ್ತಾರೆ. ನನ್ನ ಕಾರಿನಲ್ಲಿ ಅದಿಲ್ಲ. ಸಾಫ್ಟ್‌ವೇರ್ ಒಳಗಿರುವುದಕ್ಕೆ ‘ಅಳವಡಿಕೆ ಸಹಿತ’ ಎಂದು ಹಣ ಏಕೆ ತೆಗೆದುಕೊಂಡಿರಿ ಎಂದು ಕೇಳಿದ್ದಕ್ಕೆ ಉತ್ತರವಿಲ್ಲ. ಹಳೆಯ ಧ್ವನಿ ಸಂದೇಶಗಳು ಒಂದೊಂದಾಗಿ ಅಳಿಸಿಹೋದವು. ಕೊನೆಗೆ ದೂರು ಕೊಡುತ್ತೇನೆ ಎಂದಾಗ ಬಂದ ಮಾತು: “ಕೊಡಿ ಸರ್. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿ ಮಾರ್ಪಾಡು ಮಾಡಿಸಿದವರು ನೀವು. ಸಿಕ್ಕಿಹಾಕಿಕೊಳ್ಳುವವರೂ ನೀವೇ.” ಹಣ ತೆಗೆದುಕೊಳ್ಳುವಾಗ ಈ ಸೆಕ್ಷನ್ ಅವರ ಬಾಯಲ್ಲಿ ಬಂದಿರಲಿಲ್ಲ.

ಸೆನ್ಸರ್ ಬಿಡಿ, ಲೆಕ್ಕವೂ ತಪ್ಪು. ‘ಮಾಮೂಲಿ ಪೆಟ್ರೋಲ್’ನಲ್ಲೇ ಈಗ 20 ಶೇಕಡಾ ಎಥನಾಲ್ ಇದೆ. ಇ20 ಬಿಡುಗಡೆಯಾದದ್ದೇ ನಮ್ಮ ಬೆಂಗಳೂರಿನಲ್ಲಿ, 2023ರ ಫೆಬ್ರವರಿಯಲ್ಲಿ. 15 ಲೀಟರ್ ಎಥನಾಲ್ 100ರಲ್ಲಿ ಸುಮಾರು 14 ಲೀಟರ್, 35 ಲೀಟರ್ ಇ20ಯಲ್ಲಿ 7 ಲೀಟರ್, ಒಟ್ಟು 21. ಐವತ್ತರಲ್ಲಿ ಇಪ್ಪತ್ತೊಂದು, ಎಂದರೆ 42 ಶೇಕಡಾ! ಇ30 ಮ್ಯಾಪ್ ಮೇಲೆ ಇ42 ಓಡಿಸಲು ಹೇಳಿದ್ದಾರೆ, ಅದೂ ಪಂಪ್ ಬದಲಿಸದೆ. ಇದೇ ಕೆಲಸ ಮಾಡಿ ಹೊಟ್ಟೆ ಹೊರೆಯುವವರಿಗೆ ಈ ಕೂಡುವ ಲೆಕ್ಕ ಬಾರದೇ?

ನೀವು ಹೋಗುವುದಾದರೆ, ಸೆನ್ಸರನ್ನು ಪೈಪಿನಲ್ಲಿ ಕಣ್ಣಾರೆ ನೋಡಿ, ಸ್ಕ್ಯಾನರಿನಲ್ಲಿ ಎಥನಾಲ್ ಶೇಕಡಾ ತೋರಿಸಲು ಹೇಳಿ. ಬಂಕಿನ ಪೆಟ್ರೋಲನ್ನು ನೀವೇ ಅಳೆಯಬಹುದು: ಬಯಲಿನಲ್ಲಿ, ಬೆಂಕಿಯಿಂದ ದೂರ, ಅಳತೆಯ ಗಾಜಿನ ಕೊಳವೆಗೆ 10 ಮಿಲಿಲೀಟರ್ ನೀರು, 90 ಪೆಟ್ರೋಲ್ ಹಾಕಿ ಅಲುಗಿಸಿ ಬಿಡಿ. ಎಥನಾಲ್ ಕೆಳಗಿನ ನೀರಿಗೆ ಇಳಿಯುತ್ತದೆ. ನೀರಿನ ಗೆರೆ 28ರ ಹತ್ತಿರ ಬಂದರೆ ಅದು ಇ20. ಮಾತುಕತೆ ಫೋನಿನಲ್ಲಿ ಬೇಡ, ಬರಹದಲ್ಲಿ ಇರಲಿ, ಪ್ರತಿಗಳನ್ನು ಉಳಿಸಿಕೊಳ್ಳಿ.

ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸಿದ್ದೇನೆ, ಮುಂದೆ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತೇನೆ. 52ನೇ ಸೆಕ್ಷನ್ ಹೆಸರು ಹೇಳಿ ಹೆದರಿಸಿದರೂ ಹೋಗುತ್ತೇನೆ. ‘ಫ್ಲೆಕ್ಸ್ ಸೆನ್ಸರ್ ಕಿಟ್, ಅಳವಡಿಕೆ ಸಹಿತ’ ಎಂಬ ಸಾಲು ನಿಮ್ಮ ಬಿಲ್ಲಿನಲ್ಲೂ ಇದ್ದರೆ ಇವತ್ತೇ ಕಾರನ್ನು ಲಿಫ್ಟಿಗೆ ಏರಿಸಿ ನೋಡಿ. ಸೆನ್ಸರ್ ಇಲ್ಲದಿದ್ದರೆ ಫೋಟೊ ತೆಗೆದು ನನಗೆ ತಿಳಿಸಿ. ಒಟ್ಟಿಗೆ ದೂರು ಕೊಡೋಣ.