ಬೆಳಗ್ಗೆ ಆರಕ್ಕೆ ಬೆಚ್ಚಗಿರೋ ಕೋಣೆ: ಬ್ಲೋವರ್ ತಂದು ಕೆಟ್ಟೆ, ಆಯಿಲ್ ಹೀಟರ್ ಉಳಿಯಿತು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ತಿರುಗಿಸೋ ಗುಂಡಿ ಇರುವ ಆಯಿಲ್ ಹೀಟರಿಗೆ. ಅದಕ್ಕೂ ಮುಂಚೆ ಒಂದು ಬ್ಲೋವರ್ ಕೊಂಡು ಕೈ ಸುಟ್ಟುಕೊಂಡಿದ್ದೇನೆ.

ನಮ್ಮದು ಚಿಕ್ಕಮಗಳೂರಿನ ಹಳೇ ಹೆಂಚಿನ ಮನೆ. ಡಿಸೆಂಬರಿನಲ್ಲಿ ಮುಳ್ಳಯ್ಯನಗಿರಿ ಕಡೆಯಿಂದ ಗಾಳಿ ಬೀಸಿದರೆ ಸಂದಿಸಂದಿಯಲ್ಲೂ ಚಳಿ. ಮಂಡಿನೋವಿನ ಅಮ್ಮ ಆರಕ್ಕೆ ಏಳುತ್ತಾರೆ. ಅಷ್ಟರಲ್ಲಿ ಕೋಣೆ ಬೆಚ್ಚಗಿರಬೇಕು. ಅದಕ್ಕಿಂತ ಮುಂಚೆ ಎದ್ದು ಸ್ವಿಚ್ ಹಾಕೋಳು ನಾನಲ್ಲ. ಹಾಗಾಗಿ ಪ್ಲಗ್ಗಿಗೆ ಸಿಕ್ಕಿಸುವ, ಚಕ್ರ ತಿರುಗಿಸಿ ಇಟ್ಟ ಹೊತ್ತಿಗೆ ತಾನೇ ಕರೆಂಟ್ ಕೊಡುವ 16 ಆಂಪಿಯರ್ ಟೈಮರ್ ತಂದೆ.

ಬ್ಲೋವರ್ ಕೆಟ್ಟದ್ದೇನಲ್ಲ, ಹಾಕಿದ ಕೂಡಲೇ ಬಿಸಿ ಗಾಳಿ. ಆದರೆ ನಾನು ತಂದದ್ದು ಟಚ್ ಬಟನ್ನಿನದು. ಐದೂವರೆಗೆ ಟೈಮರ್ ಇಟ್ಟು ಮಲಗಿದೆ. ಆರಕ್ಕೆ ನೋಡಿದರೆ ಕೋಣೆ ತಣ್ಣಗಿದೆ, ಬ್ಲೋವರಿನ ಕೆಂಪು ದೀಪ ಮಾತ್ರ ಉರಿಯುತ್ತಿದೆ. ಟೈಮರೇ ಸರಿಯಿಲ್ಲ ಅಂತ ಅಂಗಡಿಯಲ್ಲಿ ಜಗಳ ಮಾಡಿ ಬದಲಾಯಿಸಿದೆ. ಮಾರನೇ ದಿನವೂ ಅದೇ ಕತೆ. ಮೂರನೇ ದಿನ ನಾನೇ ಎದ್ದು ಎದುರು ಕೂತೆ. ಟೈಮರ್ ಟಕ್ ಅಂದಿತು, ದೀಪ ಹತ್ತಿತು. ಬ್ಲೋವರ್ ಮಾತ್ರ ಯಾರಾದರೂ ಬಟನ್ ಮುಟ್ಟಲಿ ಅಂತ ಸುಮ್ನೆ ಕೂತಿತ್ತು! ಕರೆಂಟ್ ಹೋಗಿ ಬಂದರೆ ತಾನಾಗಿ ಶುರುವಾಗಬಾರದು ಅಂತಲೇ ಅದನ್ನು ಹಾಗೆ ಮಾಡಿರುತ್ತಾರಂತೆ. ಸರಿ, ಆದರೆ ಕೊಳ್ಳುವಾಗ ಹೇಳಬೇಕಿತ್ತಲ್ವಾ? ವಾಪಸ್ಸೂ ತೊಗೊಳ್ಳಲಿಲ್ಲ. ಒಂದು ವಾರ ನಾನೇ ಎದ್ದು ಒತ್ತಿದೆ.

ಆಯಿಲ್ ಹೀಟರಿಗೆ ಆ ರಗಳೆಯಿಲ್ಲ. ಗುಂಡಿ 1200 ವ್ಯಾಟಿನಲ್ಲಿದ್ದರೆ ಕರೆಂಟ್ ಬಂದ ಕೂಡಲೇ ಶುರು. ಕೋಣೆ ಬೆಚ್ಚಗಾಗೋದು ನಿಧಾನ, ಅದಕ್ಕೇ ನಾಲ್ಕೂಮುಕ್ಕಾಲಿಗೆ ಇಟ್ಟು ಆರೂಕಾಲಿಗೆ ನಿಲ್ಲಿಸುತ್ತೇನೆ. ಎಣ್ಣೆಯ ಬಿಸಿ ಅಮ್ಮನ ಕಾಫಿ ಮುಗಿಯೋವರೆಗೂ ಇರುತ್ತದೆ. ಹತ್ತಿರ ಪರದೆ, ಬಟ್ಟೆ ಇರಬಾರದು. ಮಳೆಗಾಲದಲ್ಲಿ ಅದರ ಮೇಲೆ ಸಾಕ್ಸ್ ಒಣಹಾಕೋ ಆಸೆಯಾದರೂ ಬೇಡ.

ಒಂದು ಯೂನಿಟ್ಟಿಗೆ ಎರಡೂ ಕೊಡೋ ಶಾಖ ಒಂದೇ. ಆದರೆ 2000 ವ್ಯಾಟಿನ ಬ್ಲೋವರ್ ನಿಲ್ಲಿಸಿದ ಕೂಡಲೇ ಬಿಸಿಯೆಲ್ಲ ಹೆಂಚಿನ ಸಂದಿಯಲ್ಲಿ ಹಾರಿ ಹೋಗುತ್ತಿತ್ತು. ಹಾಗಾಗಿ ಐದೂವರೆಯಿಂದ ಏಳರವರೆಗೂ ಓಡಿಸಬೇಕು, ದಿನಕ್ಕೆ 3 ಯೂನಿಟ್. ಆಯಿಲ್ ಹೀಟರಿಗೆ ಹೆಚ್ಚೆಂದರೆ 1.8. ತಿಂಗಳಿಗೆ 90 ಎಲ್ಲಿ, 54 ಎಲ್ಲಿ? ನಮಗೆ ಮೊದಲೇ 130 ಆಗುತ್ತದೆ. ಗೃಹಜ್ಯೋತಿಯಲ್ಲಿ 200 ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು.

ಅಮ್ಮನ ಓಟು ಈಗಲೂ ಅಗ್ಗಿಷ್ಟಿಕೆಗೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮಾನಾಕ್ಸೈಡ್ ತುಂಬಿ ಪ್ರಾಣಕ್ಕೇ ಅಪಾಯ ಅಂತ ಅದನ್ನು ಜಗಲಿಗೆ ಸಾಗಿಸಿದ್ದೇನೆ. ಆದರೆ ರಾತ್ರಿ ಕರೆಂಟ್ ಹೋದರೆ ಟೈಮರಿನ ಚಕ್ರವೂ ನಿಲ್ಲುತ್ತದೆ. ಕಳೆದ ವಾರ ಎರಡು ಗಂಟೆ ಹೋಗಿತ್ತು. ಹೀಟರ್ ಶುರುವಾಗಿದ್ದು ಆರೂಮುಕ್ಕಾಲಿಗೆ. ಅಮ್ಮ ಶಾಲು ಹೊದ್ದು ಜಗಲಿಯಲ್ಲಿ ಕೂತಿದ್ದರು.

"ಕೆಂಡಕ್ಕೆ ಟೈಮರ್ ಬೇಕೇನೇ?" ಅಂದರು.