ಬಿಸಿನೀರಿನ ಪಂಪ್ ನಿಂತರೆ ‘ಸುಟ್ಟೋಗಿದೆ’ ಅನ್ನುವವರನ್ನು ನಂಬಬೇಡಿ

ಮೈಸೂರಿನವರೇ, ಮನೆಯಲ್ಲಿ ಸೋಲಾರ್ ವಾಟರ್ ಹೀಟರ್ ಇದ್ದು ಬಿಸಿನೀರಿನ ಲೈನಿಗೆ ಸರ್ಕ್ಯುಲೇಷನ್ ಪಂಪ್ ಹಾಕಿಸಿಕೊಂಡಿದ್ದರೆ ದಯವಿಟ್ಟು ಓದಿ. ನನ್ನ 9,500 ರೂಪಾಯಿ ಹೋಯಿತು. ದುಡ್ಡಿಗಿಂತ ಜಾಸ್ತಿ ಮರ್ಯಾದೆ ಹೋಯಿತು.

ನಮ್ಮದು ಕುವೆಂಪುನಗರ. ಟ್ಯಾಂಕ್ ತಾರಸಿಯ ಒಂದು ತುದಿಗೆ, ಬಚ್ಚಲು ಕೆಳಗೆ ಇನ್ನೊಂದು ತುದಿಗೆ. ಪಂಪ್ ಇಲ್ಲದಿದ್ದರೆ ಬಿಸಿನೀರು ಬರುವಷ್ಟರಲ್ಲಿ ಪೈಪಿನಲ್ಲಿರುವ ತಣ್ಣೀರೆಲ್ಲ ಮೋರಿಗೆ. ಪಂಪ್ ಅದನ್ನು ವಾಪಸ್ ಟ್ಯಾಂಕಿಗೇ ತಳ್ಳುತ್ತದೆ. ಧನುರ್ಮಾಸದ ಚಳಿಯಲ್ಲೇ ಅದು ಕೈ ಕೊಟ್ಟಿತು. ಗುಂಯ್ ಅನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಮೊಬೈಲಿನಲ್ಲಿ ಸಿಕ್ಕ ಒಂದು ‘ಸರ್ವಿಸ್ ಸೆಂಟರ್’ ನಂಬರಿಗೆ ಫೋನ್ ಮಾಡಿದೆ.

ಬಂದವನು ಪಂಪಿನ ಮೇಲೆ ಕೈ ಇಟ್ಟ. “ಸುಟ್ಟೋಗಿದೆ ಸಾರ್.” ಅಷ್ಟೇ! ಕರೆಂಟ್ ಪರೀಕ್ಷಿಸುವ ಮೀಟರ್ ಹಿಡಿಯಲಿಲ್ಲ, ಒಂದು ಸ್ಕ್ರೂ ಬಿಚ್ಚಲಿಲ್ಲ.

“ರಿಪೇರಿ ಆಗಲ್ವೇನಪ್ಪಾ?”

“ಸೀಲ್ಡ್ ಪೀಸ್ ಸಾರ್. ಯಾರೂ ಮುಟ್ಟಲ್ಲ.”

ಸಂಜೆಗೆ ‘ಹೊಸ’ ಪಂಪ್ ತಂದ. ಡಬ್ಬಿ ಇಲ್ಲ. ಕೇಳಿದರೆ “ಡಬ್ಬಿ ಗೋಡೌನಲ್ಲಿದೆ ಸಾರ್”. ಬಿಲ್ ಕೇಳಿದರೆ “ನಾಳೆ ವಾಟ್ಸಾಪ್ ಮಾಡ್ತೀನಿ ಸಾರ್”. ಹಳೇ ಪಂಪನ್ನು ಚೀಲಕ್ಕೆ ಹಾಕಿಕೊಂಡ, ದುಡ್ಡು ಹಾಕಿಸಿಕೊಂಡ, ಹೋಗುವಾಗ ಐದು ಸ್ಟಾರ್ ಬೇರೆ ಕೇಳಿದ. ಬಿಲ್ ಇವತ್ತಿಗೂ ಬಂದಿಲ್ಲ.

ಸಂಕ್ರಾಂತಿ ಕಳೆಯುವಷ್ಟರಲ್ಲಿ ಅದೂ ನಿಂತಿತು. ಅದೇ ಗುಂಯ್. ಈ ಸಲ ಬಿಚ್ಚಿಸಿಕೊಂಡು ಮೋಟರ್ ವೈಂಡಿಂಗ್ ಅಂಗಡಿಗೆ ಹೋದೆ. ಯಜಮಾನರು ಮುಂಭಾಗದ ದಪ್ಪ ಹಿತ್ತಾಳೆ ಸ್ಕ್ರೂ ತೆಗೆದರು. ಒಳಗೆ ಶಾಫ್ಟಿನ, ಅಂದರೆ ತಿರುಗುವ ಕಂಬಿಯ ತುದಿ, ಅದರಲ್ಲೊಂದು ಗೀರು. ಸ್ಕ್ರೂಡ್ರೈವರ್ ಇಟ್ಟು ಆ ಕಡೆ ಈ ಕಡೆ ಅಲ್ಲಾಡಿಸಿದರು. ಕರ್‍ರ್ ಅಂತು, ಬಿಟ್ಟುಕೊಂಡಿತು. ಕರೆಂಟ್ ಕೊಟ್ಟು ನೋಡಿದರು, ತಿರುಗಿತು! ಇಂಥ ಪಂಪಿನಲ್ಲಿ ಒಳಗೆ ಹರಿಯುವ ನೀರೇ ಎಣ್ಣೆಯ ಕೆಲಸ ಮಾಡುತ್ತದಂತೆ. ಬೋರ್ ನೀರಿನ ಸುಣ್ಣ ಕೂತರೆ ಶಾಫ್ಟ್ ಹಿಡಿದುಕೊಳ್ಳುತ್ತದೆ. ಇಲ್ಲವೇ ಮೋಟರ್ ಶುರುವಾಗಲು ನೆರವಾಗುವ ಕೆಪಾಸಿಟರ್ ಅನ್ನೋ ಸಣ್ಣ ಭಾಗ ಹೋಗಿರುತ್ತದೆ, ಅದೇನು ದೊಡ್ಡ ಖರ್ಚಲ್ಲ.

ಆಮೇಲೆ ಅವರು ಪಂಪನ್ನು ಬೆಳಕಿಗೆ ತಿರುಗಿಸಿ ಹಿಡಿದರು. “ಇದನ್ನ ಹೊಸದು ಅಂತ ಕೊಟ್ಟನಾ ಸ್ವಾಮಿ?” ಸ್ಕ್ರೂಗಳ ತಲೆ ಸವೆದಿತ್ತು, ಅದರ ಮೇಲೇ ಪೇಂಟು. ಪೈಪ್ ಕೂರುವ ಬಾಯಿಯಲ್ಲಿ ಉಗುರು ಇಟ್ಟು ಕೆರೆದರೆ ಹಳದಿ ಸುಣ್ಣ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಅಷ್ಟು ದಪ್ಪ ಸುಣ್ಣ ಕಟ್ಟೋಕೆ ವರ್ಷಗಳೇ ಬೇಕು. ಅಂದರೆ ಯಾರದೋ ಮನೆಯ ‘ಸುಟ್ಟೋದ’ ಪಂಪ್ ನನ್ನ ಮನೆಗೆ ಬಂದಿದೆ. ನನ್ನದು ಇನ್ಯಾರ ಮನೆಯಲ್ಲಿ ಹೊಸದಾಗಿ ಓಡುತ್ತಿದೆಯೋ! ಅಂಗಡಿಯಲ್ಲಿದ್ದ ಹುಡುಗ ಮುಸಿಮುಸಿ ನಗುತ್ತಿದ್ದ. ಮೈಯೆಲ್ಲ ಉರಿದುಹೋಯಿತು.

ಫೋನ್ ಮಾಡಿದೆ. ಉತ್ತರಗಳನ್ನು ಕೇಳಿ. “ನಿಮ್ಮ ನೀರು ಸರಿ ಇಲ್ಲ ಸಾರ್.” ಸರಿಯಪ್ಪಾ, ಹೊಸದಕ್ಕೆ ಇಷ್ಟು ಬೇಗ ಇಷ್ಟು ಸುಣ್ಣ ಹೇಗೆ ಬಂತು? “ವಾರಂಟಿ ಕಂಪನಿದು, ನಂದಲ್ಲ.” ಯಾವ ಕಂಪನಿ? “ಬಿಲ್ ಇದ್ರೆ ಅದರಲ್ಲೇ ಇರುತ್ತೆ ನೋಡಿ ಸಾರ್.” ಬಿಲ್ ಕೊಡದವನ ಬಾಯಲ್ಲಿ ಈ ಮಾತು! ನನ್ನ ಹಳೇ ಪಂಪ್ ವಾಪಸ್ ಕೊಡು ಅಂದೆ. “ಗುಜರಿಗೆ ಹಾಕ್ಬಿಟ್ಟೆ.” ಅಲ್ಲಿಂದ ನನ್ನ ನಂಬರ್ ಬ್ಲಾಕ್.

ಸದ್ದು ಬರುತ್ತಿದೆ, ತಿರುಗುತ್ತಿಲ್ಲ ಅಂದರೆ ಮೊದಲು ಶಾಫ್ಟ್, ಕೆಪಾಸಿಟರ್ ನೋಡಿಸಿ. ಮೇನ್ ಆಫ್ ಮಾಡದೆ ಮಾತ್ರ ಮುಟ್ಟಬೇಡಿ, ಸ್ಕ್ರೂ ತೆಗೆದರೆ ಬಿಸಿನೀರು ಜಿನುಗುತ್ತದೆ. ವೈಂಡಿಂಗ್ (ಮೋಟರಿನೊಳಗಿನ ತಂತಿ ಸುರುಳಿ) ಸುಟ್ಟಿದೆ ಅಂದರೆ ಮೀಟರಿನಲ್ಲಿ ತೋರಿಸು ಅನ್ನಿ. ಡಬ್ಬಿ, ಬಿಲ್ ಎರಡೂ ಇಲ್ಲದೆ ಒಂದು ಪೈಸೆ ಕೊಡಬೇಡಿ. ಹಳೇ ಪಂಪನ್ನಂತೂ ಏನೇ ಆದರೂ ಬಿಡಬೇಡಿ, ಅವರ ಹೊಟ್ಟೆಪಾಡು ನಡೆಯುವುದೇ ಅದರಿಂದ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ದುಡ್ಡು ಹಾಕಿದ ದಾಖಲೆ, ವಾಟ್ಸಾಪ್ ಮಾತು ಎಲ್ಲ ಇಟ್ಟುಕೊಂಡಿದ್ದೇನೆ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಅಲ್ಲಿಗೂ ಹೋಗುತ್ತೇನೆ, ಬಿಡುವುದಿಲ್ಲ.